ಡೀಸೆಲ್ ತೆರಿಗೆ, ವಾಹನ ತೆರಿಗೆ ಏರಿಕೆಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಬಂಕಿನ ದರ ಫಲಕ ಬದಲಾದ ಮರುದಿನ, ಇಲ್ಲವೇ ಹೊಸ ಗಾಡಿಯ ನೋಂದಣಿ ಬಿಲ್ಲಿನಲ್ಲಿ ಹಿಂದೆಂದೂ ಇಲ್ಲದ ಸೆಸ್ ಕಾಣಿಸಿದ ದಿನ ಓದುಗರು ಕೇಳುವುದು ಒಂದೇ ಪ್ರಶ್ನೆ: "ಇದನ್ನು ವಿರೋಧಿಸಬೇಕಾದರೆ ಯಾರಿಗೆ ಬರೆಯಬೇಕು? ಬರೆದರೆ ಏನಾದರೂ ಆಗುತ್ತದೆಯೇ?"

ಆಗುತ್ತದೆ. ಆದರೆ ಹೆಚ್ಚಿನ ಮನವಿಗಳು ಕಸದ ಬುಟ್ಟಿ ಸೇರುವುದಕ್ಕೆ ಮೂರು ಕಾರಣಗಳಿವೆ. ರಾಜ್ಯದ ತೆರಿಗೆಗೆ ಕೇಂದ್ರದ ಮಂತ್ರಿಗೆ ಬರೆದಿರುತ್ತಾರೆ. ಎಲ್ಲ ಮುಗಿದ ಮೇಲೆ ಬರೆದಿರುತ್ತಾರೆ. ಅಥವಾ "ಜನರಿಗೆ ಹೊರೆಯಾಗಿದೆ" ಎಂಬ ಮಾತಿನ ಹಿಂದೆ ಒಂದೇ ಒಂದು ಅಂಕಿಯೂ ಇರುವುದಿಲ್ಲ. ಈ ಮೂರನ್ನು ಸರಿಮಾಡಿಕೊಂಡರೆ ನಿಮ್ಮ ಪತ್ರಕ್ಕೆ ಇಲಾಖೆ ಕಡತದಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ. ಮುಂದಿನ ಬಜೆಟ್ ಹೊತ್ತಿಗೆ ಆ ಉತ್ತರವೇ ನಿಮ್ಮ ಕೈಯಲ್ಲಿರುವ ದಾಖಲೆ.

ಶುರು ಮಾಡುವ ಮೊದಲು ಇವಿಷ್ಟು ಸಿದ್ಧವಿರಲಿ: ತೆರಿಗೆ ಏರಿಸಿದ ಅಧಿಸೂಚನೆ ಅಥವಾ ವಿಧೇಯಕದ ಪ್ರತಿ, ಕನಿಷ್ಠ ಮೂರು ತಿಂಗಳ ಇಂಧನ ಬಿಲ್ಲುಗಳು ಅಥವಾ ತೆರಿಗೆ ಕಟ್ಟಿದ ರಸೀದಿ, ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್, ಮತ್ತು ದಿನಾಂಕಗಳನ್ನು ಬರೆದಿಡಲು ಒಂದು ಪುಸ್ತಕ. ವಕೀಲರ ಅಗತ್ಯ ಬಂದರೆ ಕೊನೆಯ ಹಂತಗಳಲ್ಲಿ ಮಾತ್ರ.

1. ಏರಿದ್ದು ಯಾರ ತೆರಿಗೆ ಎಂದು ಗುರುತಿಸಿ

ಸಾರಿಗೆಯ ಮೇಲೆ ಬೀಳುವ ಹಣವೆಲ್ಲ ರಾಜ್ಯದ ತೆರಿಗೆಯಲ್ಲ. ನೀವು ಕೊಡುವ ಲೀಟರ್ ಬೆಲೆಯೊಳಗೆ ತೈಲ ಕಂಪನಿಯ ದರ, ಕೇಂದ್ರದ ಅಬಕಾರಿ ಸುಂಕ, ಡೀಲರ್ ಕಮಿಷನ್ ಮತ್ತು ರಾಜ್ಯದ ಮಾರಾಟ ತೆರಿಗೆ ಸೇರಿವೆ. ಬೆಲೆ ಏರಿತೆಂದ ಮಾತ್ರಕ್ಕೆ ರಾಜ್ಯ ಏರಿಸಿತು ಎನ್ನಲಾಗದು. 2025ರ ಏಪ್ರಿಲ್ ಎರಡನೇ ವಾರದಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಲೀಟರಿಗೆ ₹2 ಏರಿಸಿದಾಗ ತೈಲ ಕಂಪನಿಗಳೇ ಅದನ್ನು ಭರಿಸಿದ್ದರಿಂದ ಬಂಕಿನಲ್ಲಿ ದರ ಬದಲಾಗಲಿಲ್ಲ. ಅದಕ್ಕೆ ಒಂದು ವಾರ ಮೊದಲು, ಏಪ್ರಿಲ್ 1ರಂದು, ಕರ್ನಾಟಕದಲ್ಲಿ ಡೀಸೆಲ್ ಸುಮಾರು ₹2 ಏರಿದ್ದು ಮಾತ್ರ ರಾಜ್ಯದ ಮಾರಾಟ ತೆರಿಗೆಯಿಂದ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿ ಬರೆದರೆ ಅದು ಎರಡೂ ಕಡೆಯಿಂದ ವಾಪಸ್ ಬರುತ್ತದೆ.

ರಾಜ್ಯದ ಅಧಿಕಾರದಲ್ಲಿರುವುದು ಮುಖ್ಯವಾಗಿ ಎರಡು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 54ನೇ ನಮೂದು ಪೆಟ್ರೋಲ್, ಡೀಸೆಲ್ ಮಾರಾಟದ ಮೇಲಿನ ತೆರಿಗೆ, 57ನೇ ನಮೂದು ವಾಹನಗಳ ಮೇಲಿನ ತೆರಿಗೆ. ಮೊದಲನೆಯದನ್ನು ಕರ್ನಾಟಕದಲ್ಲಿ 1957ರ ಮಾರಾಟ ತೆರಿಗೆ ಕಾಯ್ದೆಯಡಿ ವಸೂಲಿ ಮಾಡುತ್ತಾರೆ. ಎರಡನೆಯದನ್ನು ಅದೇ ವರ್ಷದ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ವಸೂಲಿ ಮಾಡುತ್ತಾರೆ. ಕಾರು, ಬೈಕಿಗೆ ನೋಂದಣಿ ಹೊತ್ತಿನಲ್ಲಿ ಒಂದೇ ಬಾರಿ ಕಟ್ಟುವ ಜೀವಾವಧಿ ತೆರಿಗೆ, ಅದರ ಮೇಲಿನ ಸೆಸ್‌ಗಳು, ವಾಣಿಜ್ಯ ವಾಹನಗಳ ಆವರ್ತಕ ತೆರಿಗೆ ಎಲ್ಲವೂ ಈ ಎರಡನೇ ಕಾಯ್ದೆಯೊಳಗೆ ಬರುತ್ತವೆ.

ಇಲ್ಲೇ ಅತಿ ಸಾಮಾನ್ಯ ತಪ್ಪೊಂದು ಆಗುತ್ತದೆ. ಮನವಿಯಲ್ಲಿ "ಡೀಸೆಲ್ ಮೇಲಿನ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಇಳಿಸಿ" ಎಂದು ಬರೆಯುತ್ತಾರೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್‌ಗೆ ವ್ಯಾಟ್ ಇಲ್ಲ, ಇರುವುದು ಮಾರಾಟ ತೆರಿಗೆ, ಅಂದರೆ ಕೆಎಸ್‌ಟಿ. ಪತ್ರಿಕೆಗಳೂ ಕೆಲವೊಮ್ಮೆ ವ್ಯಾಟ್ ಎಂದೇ ಬರೆಯುತ್ತವೆ, ಆದರೆ ಕಡತ ನೋಡುವ ಅಧಿಕಾರಿಗೆ ಕಾಯ್ದೆಯ ಹೆಸರೇ ತಪ್ಪಾದ ಪತ್ರವನ್ನು ಬದಿಗಿಡುವುದು ಸುಲಭ.

ಬಸ್ ಟಿಕೆಟ್, ಮೆಟ್ರೊ ಟಿಕೆಟ್, ಹೆದ್ದಾರಿ ಟೋಲ್ ಇವು ತೆರಿಗೆಯಲ್ಲ, ಬೇರೆ ಬೇರೆ ದಾರಿಯ ದರಗಳು. ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ 2025ರ ಜನವರಿ 5ರಿಂದ ಶೇ 15 ಏರಿದ್ದು ಸಂಪುಟದ ತೀರ್ಮಾನದಿಂದ. ಬೆಂಗಳೂರು ಮೆಟ್ರೊ ದರ ಅದೇ ವರ್ಷ ಫೆಬ್ರವರಿ 9ರಂದು ಏರಿದ್ದು ದರ ನಿಗದಿ ಸಮಿತಿಯ ಶಿಫಾರಸಿನ ಮೇಲೆ. ಆ ಸಮಿತಿ ಕೇಂದ್ರದ 2002ರ ಮೆಟ್ರೊ ಕಾಯ್ದೆಯಡಿ ರಚನೆಯಾಗುತ್ತದೆ. ಈ ಲೇಖನದ ಹಂತಗಳು ತೆರಿಗೆ ಮತ್ತು ಸೆಸ್‌ಗೆ ಮಾತ್ರ.

2. ಆದೇಶದ ಪ್ರತಿಯನ್ನೇ ಓದಿ, ಸುದ್ದಿಯನ್ನಲ್ಲ

ಕಾನೂನಿನ ಬಲವಿಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಇದು ಸಂವಿಧಾನದ 265ನೇ ವಿಧಿ. ಹಾಗಾಗಿ ಪ್ರತಿಯೊಂದು ಏರಿಕೆಗೂ ಮುದ್ರಿತ ಕಾಗದವೊಂದು ಇದ್ದೇ ಇರುತ್ತದೆ. ಅದು ಎರಡು ರೂಪದಲ್ಲಿ ಬರಬಹುದು.

ವಾಹನ ತೆರಿಗೆಯ ದರ, ಸೆಸ್ ಬದಲಾಗುವುದು ಸಾಮಾನ್ಯವಾಗಿ ತಿದ್ದುಪಡಿ ವಿಧೇಯಕದ ಮೂಲಕ. ₹25 ಲಕ್ಷಕ್ಕಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ 10 ಜೀವಾವಧಿ ತೆರಿಗೆ ಬಂದದ್ದು 2024ರ ತಿದ್ದುಪಡಿಯಿಂದ. ಅದೇ ವರ್ಷದ ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಬಂದ ಇನ್ನೊಂದು ತಿದ್ದುಪಡಿ, ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ಹೊಸ ದ್ವಿಚಕ್ರ ವಾಹನಕ್ಕೆ ₹500, ಕಾರಿಗೆ ₹1,000 ಸೆಸ್ ಸೇರಿಸಿತು. ವಿಧೇಯಕವಾದರೆ ಸದನದಲ್ಲಿ ಚರ್ಚೆಗೆ ಅವಕಾಶವಿದೆ, ತಿದ್ದುಪಡಿ ಸೂಚಿಸುವುದಕ್ಕೂ ಜಾಗವಿದೆ.

ಇಂಧನದ ಮಾರಾಟ ತೆರಿಗೆ ಹಾಗಲ್ಲ. ಅದು ಅಧಿಸೂಚನೆಯಲ್ಲಿ ಬರುತ್ತದೆ. ಅಂದರೆ ಕಾಯ್ದೆ ಈಗಾಗಲೇ ಕೊಟ್ಟಿರುವ ಅಧಿಕಾರ ಬಳಸಿ ಸರ್ಕಾರ ರಾಜ್ಯಪತ್ರದಲ್ಲಿ ಹೊರಡಿಸುವ ಪ್ರಕಟಣೆ. ಸದನ ಸೇರಿರಬೇಕೆಂದಿಲ್ಲ, ಬಜೆಟ್ ಬರುವವರೆಗೆ ಕಾಯಬೇಕೆಂದಿಲ್ಲ. 2024ರ ಜೂನ್ 15ರಂದು ಪೆಟ್ರೋಲ್ ತೆರಿಗೆ ಶೇ 25.92ರಿಂದ 29.84ಕ್ಕೆ, ಡೀಸೆಲ್ ತೆರಿಗೆ ಶೇ 14.34ರಿಂದ 18.44ಕ್ಕೆ ಏರಿದ್ದು ಹೀಗೆ. 2025ರ ಏಪ್ರಿಲ್ 1ರಂದು ಡೀಸೆಲ್‌ಗೆ ಶೇ 21.17 ಆದದ್ದೂ ಹೀಗೆಯೇ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಜಾರಿಗೆ ಬರುವ ಈ ದಾರಿಯ ಬಗ್ಗೆ ನಮ್ಮ ತಕರಾರು ಗಟ್ಟಿಯಾಗಿಯೇ ಇರಬೇಕು. ಲಕ್ಷಾಂತರ ಜನರ ದುಡಿಮೆಗೆ ಕೈಹಾಕುವ ಬದಲಾವಣೆಗೆ ಸದನದಲ್ಲಿ ಒಂದು ಗಂಟೆಯ ಚರ್ಚೆಯೂ ಇಲ್ಲದಿರುವುದು ಸರಿಯಲ್ಲ.

ಅಧಿಸೂಚನೆಯ ಪ್ರತಿ ಇ-ರಾಜ್ಯಪತ್ರ ಜಾಲತಾಣದಲ್ಲಿ ಸಿಗುತ್ತದೆ, ವಿಧೇಯಕದ ಪ್ರತಿ ವಿಧಾನಸಭೆಯ ಜಾಲತಾಣದಲ್ಲಿ. ಸಿಕ್ಕಿದ ಮೇಲೆ ನಾಲ್ಕು ವಿಷಯ ಬರೆದುಕೊಳ್ಳಿ: ಸಂಖ್ಯೆ, ದಿನಾಂಕ, ಯಾವ ಕಾಯ್ದೆಯ ಯಾವ ಪ್ರಕರಣದಡಿ ಹೊರಡಿಸಿದ್ದು, ಯಾವ ದಿನದಿಂದ ಜಾರಿ. ಕರಡು ಅಧಿಸೂಚನೆಯಾಗಿದ್ದರೆ ಆಕ್ಷೇಪಣೆಗೆ ಕೊನೆಯ ದಿನ ಮತ್ತು ಕಳಿಸಬೇಕಾದ ವಿಳಾಸ ಅದರಲ್ಲೇ ಇರುತ್ತದೆ. ಆ ಗಡುವಿನ ದಿನಗಳನ್ನು ಎಣಿಸುವುದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ, ನೀವು ಪತ್ರಿಕೆಯಲ್ಲಿ ಓದಿದ ದಿನದಿಂದಲ್ಲ.

3. ನಿಮ್ಮ ಗಾಡಿಯ ಲೆಕ್ಕ ಹಾಕಿ

ಆಕ್ಷೇಪಣೆಯ ತೂಕ ಇರುವುದು ಈ ಹಂತದಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಮಾರಾಟ ತೆರಿಗೆ ಶೇಕಡಾವಾರು ಲೆಕ್ಕದ್ದು. ಅದು ಬೀಳುವ ಮೂಲ ಬೆಲೆಯಲ್ಲಿ ಕೇಂದ್ರದ ಅಬಕಾರಿ ಸುಂಕವೂ ಸೇರಿರುತ್ತದೆ, ಅಂದರೆ ತೆರಿಗೆಯ ಮೇಲೂ ತೆರಿಗೆ. ಲೆಕ್ಕದ ಅನುಕೂಲಕ್ಕೆ ಡೀಸೆಲ್‌ನ ಮೂಲ ಬೆಲೆ ಲೀಟರಿಗೆ ₹75 ಎಂದು ಹಿಡಿಯಿರಿ.

ಹಳೆಯ ದರದಲ್ಲಿ: 75ಕ್ಕೆ ಶೇ 18.44 ಅಂದರೆ ₹13.83.
ಹೊಸ ದರದಲ್ಲಿ: 75ಕ್ಕೆ ಶೇ 21.17 ಅಂದರೆ ₹15.88.
ವ್ಯತ್ಯಾಸ: ಲೀಟರಿಗೆ ₹2.05.

ತಿಂಗಳಿಗೆ 8,000 ಕಿ.ಮೀ. ಓಡಿ, ಲೀಟರಿಗೆ 4 ಕಿ.ಮೀ. ಕೊಡುವ ಲಾರಿಗೆ ಬೇಕಾಗುವುದು 2,000 ಲೀಟರ್. ತಿಂಗಳಿಗೆ ₹4,100, ವರ್ಷಕ್ಕೆ ₹49,200 ಹೆಚ್ಚುವರಿ. ಸಾಲ ಮಾಡಿ ಕೊಂಡ ಒಂದೇ ಲಾರಿಯ ಮಾಲೀಕನಿಗೆ ಇದು ಒಂದು ಜೊತೆ ಟೈರಿನ ಹಣಕ್ಕೆ ಹತ್ತಿರ ಬರುತ್ತದೆ. ಗಂಟೆಗೆ 5 ಲೀಟರ್ ಕುಡಿಯುವ ಟ್ರ್ಯಾಕ್ಟರ್ ಒಂದು ಹಂಗಾಮಿನಲ್ಲಿ 200 ಗಂಟೆ ಉತ್ತರೆ 1,000 ಲೀಟರ್, ಅಂದರೆ ₹2,050. ಮನವಿಯಲ್ಲಿ ಬರೆಯುವಾಗ ಈ ಮಾದರಿ ಅಂಕಿಗಳ ಬದಲು ನಿಮ್ಮ ಬಿಲ್ಲಿನಲ್ಲಿರುವ ಲೀಟರನ್ನೇ ಹಾಕಿ, ಬಿಲ್ಲಿನ ನಕಲನ್ನು ಅಡಕವಾಗಿ ಇಡಿ. ಬಂಕಿನ ಬಿಲ್ಲಿನ ಶಾಯಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಪಡೆದ ದಿನವೇ ಜೆರಾಕ್ಸ್ ಮಾಡಿಸಿಡಿ.

ಮೂರು ಕಡೆ ಎಡವುತ್ತಾರೆ.

ಒಂದು, "ತೆರಿಗೆ ಶೇ 2.73 ಏರಿತು" ಎಂದು ಬರೆಯುವುದು. 18.44ರಿಂದ 21.17ಕ್ಕೆ ಹೋದರೆ ಏರಿದ್ದು 2.73 ಶೇಕಡಾ ಅಂಶ. ತೆರಿಗೆಯ ಮೊತ್ತ ಏರಿದ್ದು ಸುಮಾರು ಶೇ 14.8. ಎರಡನ್ನೂ ಸರಿಯಾಗಿ ಹೆಸರಿಸಿ ಬರೆಯಿರಿ. ಒಂದನ್ನು ಇನ್ನೊಂದೆಂದು ಬರೆದರೆ ಪೂರ್ತಿ ಪತ್ರದ ನಂಬಿಕೆಯೇ ಹೋಗುತ್ತದೆ.

ಎರಡು, ನೆರೆ ರಾಜ್ಯಗಳ ಹೋಲಿಕೆ. "ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಕಡಿಮೆ" ಎಂಬ ಸಮರ್ಥನೆ ಸರ್ಕಾರದಿಂದ ಬಂದೇ ಬರುತ್ತದೆ. ಅದಕ್ಕೆ ಪ್ರತಿಯಾಗಿ ಶೇಕಡಾ ಅಂಕಿಗಳನ್ನಷ್ಟೇ ಪಕ್ಕಪಕ್ಕ ಇಟ್ಟು "ತಮಿಳುನಾಡಿನಲ್ಲಿ ಡೀಸೆಲ್‌ಗೆ ಶೇ 11 ಮಾತ್ರ" ಎಂದು ವಾದಿಸುವವರಿದ್ದಾರೆ. ಅಲ್ಲಿ ಶೇ 11ರ ಜೊತೆಗೆ ಲೀಟರಿಗೆ ₹9.62 ನಿಗದಿತ ಮೊತ್ತವೂ ಇದೆ. ಅದೇ ₹75 ಮೂಲ ಬೆಲೆಗೆ ಒಟ್ಟು ₹17.87 ಆಗುತ್ತದೆ, ನಮ್ಮ ₹15.88ಕ್ಕಿಂತ ಹೆಚ್ಚು. ಕೇರಳದಲ್ಲಿ ಮಾರಾಟ ತೆರಿಗೆಯ ಮೇಲೆ 2023ರ ಏಪ್ರಿಲ್‌ನಿಂದ ಲೀಟರಿಗೆ ₹2 ಸಾಮಾಜಿಕ ಭದ್ರತಾ ಸೆಸ್ ಕೂಡ ಇದೆ. ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಪಿಪಿಎಸಿ ಎಂಬ ಘಟಕ ಎಲ್ಲ ರಾಜ್ಯಗಳ ದರಪಟ್ಟಿಯನ್ನು ಪ್ರಕಟಿಸುತ್ತದೆ, ಅದನ್ನೇ ನೋಡಿ. ಸರ್ಕಾರದ ಹೋಲಿಕೆ ಸುಳ್ಳಲ್ಲದಿದ್ದಾಗ ಅದರ ಜೊತೆ ಜಗಳಕ್ಕೆ ಇಳಿಯಬೇಡಿ. "ಒಂದು ವರ್ಷದೊಳಗೆ ಎರಡು ಬಾರಿ ಏರಿಸಿ, ಡೀಸೆಲ್ ತೆರಿಗೆಯನ್ನು ಶೇ 14.34ರಿಂದ 21.17ಕ್ಕೆ ಒಯ್ದಿದ್ದೀರಿ, ಅಷ್ಟು ಬೇಗ ಬಾಡಿಗೆ ದರ ಏರಿಸಲು ನಮಗೆ ಆಗುವುದಿಲ್ಲ" ಎಂಬ ವಾದ ಅದಕ್ಕಿಂತ ಗಟ್ಟಿ. 2021ರ ನವೆಂಬರ್‌ನಲ್ಲಿ ಇದೇ ರಾಜ್ಯ ಡೀಸೆಲ್ ತೆರಿಗೆಯನ್ನು ಶೇ 24ರಿಂದ 14.34ಕ್ಕೆ ಇಳಿಸಿತ್ತು. ಇಳಿಸಲು ಸಾಧ್ಯ ಎನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಹಿಂದೆ ಶೇ 24 ಇತ್ತು ಎಂಬುದನ್ನು ಎದುರಿನವರೂ ಹೇಳುತ್ತಾರೆ, ಅದಕ್ಕೂ ಸಿದ್ಧರಿರಿ.

ಮೂರು, ಕಚ್ಚಾ ತೈಲದ ಬೆಲೆ ಏರಿದಾಗ ಏನಾಗುತ್ತದೆ ಎಂಬುದನ್ನು ಮರೆಯುವುದು. ತೆರಿಗೆ ಶೇಕಡಾ ಲೆಕ್ಕದಲ್ಲಿರುವುದರಿಂದ ಮೂಲ ಬೆಲೆ ₹75ರಿಂದ ₹85ಕ್ಕೆ ಹೋದರೆ, ಯಾವ ಅಧಿಸೂಚನೆಯೂ ಇಲ್ಲದೆ ರಾಜ್ಯದ ಪಾಲು ಲೀಟರಿಗೆ ಇನ್ನೂ ₹2.12 ಏರುತ್ತದೆ. ಈ ಒಂದು ಸಾಲು ಮನವಿಯಲ್ಲಿ ಇರಲೇಬೇಕು.

4. ಹಣ ಎಲ್ಲಿಗೆ ಹೋಗುತ್ತದೆ ಎಂದು ದಾಖಲೆ ಕೇಳಿ

"ರಸ್ತೆಗೆ, ಬಸ್ಸಿಗೆ, ಮೆಟ್ರೊಗೆ" ಎಂದು ಹೇಳಿ ಏರಿಸಿದ ತೆರಿಗೆ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಎಲ್ಲ ತೆರಿಗೆಯೂ ಮೊದಲು ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಸಂಚಿತ ನಿಧಿ ಎಂದರೆ ಸರ್ಕಾರದ ಎಲ್ಲ ಆದಾಯ ಬೀಳುವ ಒಂದೇ ಹುಂಡಿ. ಅಲ್ಲಿಂದ ಹಣ ತೆಗೆಯಲು ಸದನದ ಒಪ್ಪಿಗೆ ಬೇಕು. ಸೆಸ್ ಅಂದರೆ ಇಂಥದ್ದೇ ಕೆಲಸಕ್ಕೆ ಎಂದು ಹೆಸರಿಟ್ಟು ವಸೂಲು ಮಾಡುವ ಹೆಚ್ಚುವರಿ ತೆರಿಗೆ. ಅದೂ ಮೊದಲು ಇದೇ ಹುಂಡಿಗೆ ಬಿದ್ದು, ಬಜೆಟ್ ಮೂಲಕ ಆ ಕೆಲಸಕ್ಕೆ ಹೋಗಬೇಕು. ಎಷ್ಟು ಬಂತು, ಎಷ್ಟು ಹೋಯಿತು ಎಂಬ ಅಂತರವೇ ನೀವು ಹುಡುಕಬೇಕಾದದ್ದು.

ಇದಕ್ಕೆ ದಾರಿ ಮಾಹಿತಿ ಹಕ್ಕು. ಇಂಧನ ತೆರಿಗೆಗೆ ಆರ್ಥಿಕ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ವಾಹನ ತೆರಿಗೆ ಮತ್ತು ಸೆಸ್‌ಗೆ ಸಾರಿಗೆ ಇಲಾಖೆಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಕಟ್ಟುನಿಟ್ಟಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎಷ್ಟೋ ಅರ್ಜಿಗಳು ಈ ಒಂದು ಕಾರಣಕ್ಕೇ ವಾಪಸ್ ಬರುತ್ತವೆ. ಎರಡು ವಿಷಯವಿದ್ದರೆ ಎರಡು ಅರ್ಜಿ, ಎರಡು ಪೋಸ್ಟಲ್ ಆರ್ಡರ್.

"ಯಾಕೆ ಏರಿಸಿದಿರಿ?" ಎಂದು ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. ಹೀಗೆ ಕೇಳಿ:

"ದಿನಾಂಕ …ರ ಅಧಿಸೂಚನೆ ಸಂಖ್ಯೆ …ಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ಮತ್ತು ಪತ್ರ ವ್ಯವಹಾರದ ದೃಢೀಕೃತ ಪ್ರತಿ. ಈ ಏರಿಕೆಯಿಂದ ನಿರೀಕ್ಷಿಸಿದ ಹೆಚ್ಚುವರಿ ಆದಾಯದ ಅಂದಾಜು ಇರುವ ದಾಖಲೆಯ ಪ್ರತಿ."

ಸೆಸ್ ಬಗ್ಗೆ ಪ್ರತ್ಯೇಕ ಅರ್ಜಿ: "ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ … ಸೆಸ್‌ನಿಂದ ಸಂಗ್ರಹವಾದ ಮೊತ್ತ, ಸಂಬಂಧಿಸಿದ ನಿಧಿಗೆ ವರ್ಗಾಯಿಸಿದ ಮೊತ್ತ, ವರ್ಷವಾರು."

ಸಂಪುಟದ ಕಡತ ಕೊಡಲಾಗದು ಎಂಬ ಉತ್ತರ ಬರಬಹುದು. ತೀರ್ಮಾನವಾಗುವವರೆಗೆ ಅದು ಸರಿ. ತೀರ್ಮಾನವಾಗಿ ವಿಷಯ ಮುಗಿದ ಮೇಲೆ, ಅದಕ್ಕೆ ಆಧಾರವಾದ ಕಾರಣ ಮತ್ತು ಸಾಮಗ್ರಿಯನ್ನು ಬಹಿರಂಗಪಡಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಐ) ಪ್ರಕರಣವೇ ಹೇಳುತ್ತದೆ. ಮೇಲ್ಮನವಿಯಲ್ಲಿ ಅದನ್ನೇ ಉಲ್ಲೇಖಿಸಿ. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ.

ಅರ್ಜಿ ಹಾಕದೆಯೂ ಸಿಗುವ ದಾಖಲೆಗಳಿವೆ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಂತೆ ಬಜೆಟ್ ಜೊತೆ ಮಂಡಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ತೆರಿಗೆ ಆದಾಯದ ಅಂದಾಜು ಇರುತ್ತದೆ. ಸದನದಲ್ಲಿ ಮಂಡನೆಯಾಗುವ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಕರು) ವರದಿಗಳಲ್ಲಿ ಸೆಸ್ ಹಣ ನಿಧಿಗೆ ಹೋಗದೆ ಉಳಿದಿದ್ದರೆ ಆ ಆಕ್ಷೇಪಣೆ ಸಿಗುತ್ತದೆ.

5. ಒಂದೇ ಬೇಡಿಕೆ ಆರಿಸಿ

"ತೆರಿಗೆ ಏರಿಕೆ ಸಂಪೂರ್ಣ ವಾಪಸ್ ಪಡೆಯಿರಿ" ಎನ್ನುವುದು ನ್ಯಾಯವಾದ ಬೇಡಿಕೆಯೇ. ಆದರೆ ಅದೊಂದೇ ಇದ್ದರೆ "ಸಾಧ್ಯವಿಲ್ಲ" ಎಂದು ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಅದರ ಕೆಳಗೆ ಒಂದು ಬದಲಿಯನ್ನು ಇಡಿ, ಒಂದನ್ನು ಮಾತ್ರ. ಅನುಭವಿ ಸಂಘಗಳು ಮತ್ತೆ ಮತ್ತೆ ಬಳಸುವ ಬದಲಿಗಳು ಇವು: ಶೇಕಡಾ ಲೆಕ್ಕದ ಬದಲು ಲೀಟರಿಗೆ ನಿಗದಿತ ಮೊತ್ತ, ಏರಿಕೆಗೆ ಕೊನೆಯ ದಿನಾಂಕ, ಸೆಸ್ ಹಣದ ಖರ್ಚನ್ನು ವರ್ಷಕ್ಕೆರಡು ಬಾರಿ ಜಾಲತಾಣದಲ್ಲಿ ಪ್ರಕಟಿಸುವುದು, ಎರಡು ಏರಿಕೆಗಳ ನಡುವೆ ಕನಿಷ್ಠ ಅಂತರ.

ನಮ್ಮ ಅಭಿಪ್ರಾಯದಲ್ಲಿ ಡೀಸೆಲ್ ವಿಷಯದಲ್ಲಿ ಅತ್ಯಂತ ಬಲವಾದ ವಾದ ಸಾರಿಗೆ ನಿಗಮಗಳದ್ದು. ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಬಸ್ಸುಗಳೂ ಡೀಸೆಲ್ ಕುಡಿಯುತ್ತವೆ. ರಾಜ್ಯದ ತೆರಿಗೆ ಏರಿದರೆ ನಿಗಮದ ಖರ್ಚೂ ಏರುತ್ತದೆ. 2025ರ ಜನವರಿಯಲ್ಲಿ ಟಿಕೆಟ್ ದರ ಏರಿಸುವಾಗ ಕೊಟ್ಟ ಕಾರಣಗಳಲ್ಲಿ ಡೀಸೆಲ್ ವೆಚ್ಚವೂ ಒಂದು, ಏಪ್ರಿಲ್‌ನಲ್ಲಿ ಅದೇ ಡೀಸೆಲ್‌ನ ತೆರಿಗೆ ಏರಿತು. ಸಾರ್ವಜನಿಕ ಸಾರಿಗೆಗೆ ಹಣ ಬೇಕೆಂದು ಹಾಕಿದ ತೆರಿಗೆ ಸಾರ್ವಜನಿಕ ಸಾರಿಗೆಯ ಜೇಬಿನಿಂದಲೇ ಹೋಗುತ್ತಿದ್ದರೆ ಆ ಲೆಕ್ಕವನ್ನು ಸರ್ಕಾರ ಜನರ ಮುಂದಿಡಬೇಕು. ನಿಗಮ ವರ್ಷಕ್ಕೆ ಎಷ್ಟು ಡೀಸೆಲ್ ಕೊಂಡಿತು, ಅದರ ಮೇಲೆ ಎಷ್ಟು ಮಾರಾಟ ತೆರಿಗೆ ಕೊಟ್ಟಿತು ಎಂದು ನಿಗಮಕ್ಕೇ ಇನ್ನೊಂದು ಆರ್‌ಟಿಐ ಹಾಕಬಹುದು.

6. ಮನವಿ ಬರೆಯುವುದು

ಎರಡು ಪುಟ ಸಾಕು. ಕನ್ನಡದಲ್ಲೇ ಬರೆಯಿರಿ, ಆಡಳಿತ ಭಾಷೆ ಅದೇ. ಇಂಧನ ತೆರಿಗೆಯಾದರೆ ಅಪರ ಮುಖ್ಯ ಕಾರ್ಯದರ್ಶಿ, ಆರ್ಥಿಕ ಇಲಾಖೆ, ವಿಧಾನಸೌಧ ಇವರಿಗೆ. ವಾಹನ ತೆರಿಗೆಯಾದರೆ ಸಾರಿಗೆ ಇಲಾಖೆಯ ಕಾರ್ಯದರ್ಶಿಗೆ, ಪ್ರತಿ ಸಾರಿಗೆ ಆಯುಕ್ತರಿಗೆ. ಮುಖ್ಯಮಂತ್ರಿ, ಸಾರಿಗೆ ಸಚಿವರು, ನಿಮ್ಮ ಕ್ಷೇತ್ರದ ಶಾಸಕರಿಗೆ ಪ್ರತಿಗಳು.

"ವಿಷಯ" ಸಾಲಿನಲ್ಲಿ ಅಧಿಸೂಚನೆಯ ಸಂಖ್ಯೆ ಇರಲಿ. "ಉಲ್ಲೇಖ"ದಲ್ಲಿ ಹಿಂದಿನ ಪತ್ರಗಳು. ಮೊದಲ ಪ್ಯಾರಾದಲ್ಲಿ ನೀವು ಯಾರು ಮತ್ತು ಈ ತೆರಿಗೆ ನಿಮ್ಮನ್ನು ಹೇಗೆ ಮುಟ್ಟುತ್ತದೆ. ಎರಡನೆಯದರಲ್ಲಿ ಲೆಕ್ಕ. ಮೂರನೆಯದರಲ್ಲಿ ಬೇಡಿಕೆ. ಉದಾಹರಣೆಗೆ ಎರಡನೇ ಪ್ಯಾರಾ ಹೀಗಿರಬಹುದು:

"ನನ್ನ ಒಂದು ಸರಕು ವಾಹನಕ್ಕೆ ಜನವರಿಯಿಂದ ಮಾರ್ಚ್‌ವರೆಗೆ 5,940 ಲೀಟರ್ ಡೀಸೆಲ್ ಖರ್ಚಾಗಿದೆ (ಅಡಕ 1: ಬಿಲ್ಲುಗಳು). ಸದರಿ ಅಧಿಸೂಚನೆಯಿಂದ ಲೀಟರಿಗೆ ಸುಮಾರು ₹2.05 ಹೆಚ್ಚಾಗಿದ್ದು, ಇದೇ ಬಳಕೆಗೆ ಮೂರು ತಿಂಗಳಲ್ಲಿ ₹12,177 ಹೆಚ್ಚುವರಿ ಭರಿಸಬೇಕಾಗುತ್ತದೆ. ಬಾಡಿಗೆ ಒಪ್ಪಂದ ವಾರ್ಷಿಕವಾಗಿರುವುದರಿಂದ (ಅಡಕ 2) ಈ ಮೊತ್ತವನ್ನು ಗ್ರಾಹಕರಿಂದ ಪಡೆಯಲು ಅವಕಾಶವಿಲ್ಲ."

ಸಂಘದ ಮೂಲಕ ಕಳಿಸುವುದಾದರೆ ಇಂಥ ಹತ್ತು ಲೆಕ್ಕಗಳನ್ನು ಒಂದು ಕೋಷ್ಟಕಕ್ಕೆ ತನ್ನಿ. ಒಂದೇ ಪತ್ರವನ್ನು ನೂರು ಮಂದಿ ನಕಲು ಮಾಡಿ ಕಳಿಸುವುದಕ್ಕಿಂತ ಹತ್ತು ಬೇರೆ ಬೇರೆ ಲೆಕ್ಕದ ಒಂದು ಪತ್ರಕ್ಕೆ ಬೆಲೆ ಜಾಸ್ತಿ. ನೂರು ನಕಲನ್ನು ಒಂದೇ ಕಡತಕ್ಕೆ ಕಟ್ಟಿ ಒಂದೇ ಉತ್ತರ ಬರೆಯುತ್ತಾರೆ.

ಸಹಿ ಸಂಗ್ರಹಿಸುವಾಗ ಹೆಸರು, ಊರು, ಸಹಿ ಸಾಕು. ಆಧಾರ್ ಸಂಖ್ಯೆ ಬರೆಸಬೇಡಿ, ಅದು ಬೇಕಾಗಿಲ್ಲ, ದುರ್ಬಳಕೆಗೆ ದಾರಿಯಾಗುತ್ತದೆ. ಆನ್‌ಲೈನ್ ಸಹಿ ಅಭಿಯಾನಗಳಿಗೆ ಕಾನೂನಿನ ಸ್ಥಾನವಿಲ್ಲ. ಸುದ್ದಿಯಾಗಲು ಉಪಯೋಗ, ಆಕ್ಷೇಪಣೆಯೆಂದು ದಾಖಲಾಗಲು ಅಲ್ಲ.

ಕೈಯಾರೆ ಕೊಟ್ಟರೆ ಟಪಾಲು ವಿಭಾಗದ ಮೊಹರು ಮತ್ತು ದಿನಾಂಕ ನಿಮ್ಮ ಪ್ರತಿಯ ಮೇಲೆ ಬೀಳಲಿ. ಅಂಚೆಯಾದರೆ ಸ್ಪೀಡ್ ಪೋಸ್ಟ್, ತಲುಪಿದ ವಿವರವನ್ನು ಮುದ್ರಿಸಿಟ್ಟುಕೊಳ್ಳಿ. ತಾಲ್ಲೂಕಿನಲ್ಲಿ ತಹಶೀಲ್ದಾರ್ ಮೂಲಕ ಮುಖ್ಯಮಂತ್ರಿಗೆ ಮನವಿ ಕೊಡುವುದು ನಮ್ಮಲ್ಲಿ ರೂಢಿ. ಅದು ಫೋಟೊದಲ್ಲೇ ಮುಗಿಯಬಾರದು, ಅಲ್ಲಿಂದ ಯಾವ ಪತ್ರ ಸಂಖ್ಯೆಯಲ್ಲಿ ಮೇಲಕ್ಕೆ ಹೋಯಿತು ಎಂದು ವಾರದ ನಂತರ ಕೇಳಿ ಬರೆದುಕೊಳ್ಳಿ. 1902 ಸಹಾಯವಾಣಿಗೆ ದೂರು ಕೊಡಬಹುದು, ಆದರೆ ಅದು ಸೇವೆಯ ಕುಂದುಕೊರತೆಗೆ ಇರುವ ವ್ಯವಸ್ಥೆ. ತೆರಿಗೆ ದರದ ದೂರನ್ನು "ನೀತಿಗೆ ಸಂಬಂಧಿಸಿದ್ದು" ಎಂದು ಬರೆದು ಮುಚ್ಚಿಬಿಡುವ ಸಾಧ್ಯತೆಯೇ ಹೆಚ್ಚು.

7. ಸದನದ ದಾರಿ

ತೆರಿಗೆ ಹಾಕುವುದಕ್ಕಷ್ಟೇ ಸಂಬಂಧಿಸಿದ ವಿಧೇಯಕವನ್ನು ಸ್ಪೀಕರ್ ಧನ ವಿಧೇಯಕವೆಂದು ಪ್ರಮಾಣೀಕರಿಸಬಹುದು. ಅದು ವಿಧಾನಸಭೆಯಲ್ಲೇ ಮಂಡನೆಯಾಗಬೇಕು. ವಿಧಾನ ಪರಿಷತ್ತು ಶಿಫಾರಸು ಮಾಡಬಹುದಷ್ಟೆ, 14 ದಿನದೊಳಗೆ ಹಿಂದಿರುಗಿಸಬೇಕು, ಆ ಶಿಫಾರಸನ್ನು ವಿಧಾನಸಭೆ ಒಪ್ಪಲೇಬೇಕೆಂದಿಲ್ಲ. ಆದ್ದರಿಂದ ಮೊದಲ ಓಡಾಟ ಶಾಸಕರ ಬಳಿಗೆ, ಪರಿಷತ್ ಸದಸ್ಯರ ಬಳಿಗಲ್ಲ.

ಹೆಚ್ಚು ಮಂದಿಗೆ ಗೊತ್ತಿಲ್ಲದ ಅನುಕೂಲವೊಂದು ಸಂವಿಧಾನದ 207ನೇ ವಿಧಿಯಲ್ಲಿದೆ. ತೆರಿಗೆ ವಿಧೇಯಕ ಮಂಡಿಸಲು ರಾಜ್ಯಪಾಲರ ಶಿಫಾರಸು ಬೇಕು. ಆದರೆ ತೆರಿಗೆಯನ್ನು ಇಳಿಸುವ ಅಥವಾ ತೆಗೆದುಹಾಕುವ ತಿದ್ದುಪಡಿ ಸೂಚಿಸಲು ಆ ಶಿಫಾರಸು ಬೇಕಿಲ್ಲ. ಅಂದರೆ ನಿಮ್ಮ ಶಾಸಕರು, ವಿರೋಧ ಪಕ್ಷದವರಾದರೂ, "₹1,000 ಎಂಬಲ್ಲಿ ₹500 ಎಂದು ಓದಿಕೊಳ್ಳತಕ್ಕದ್ದು" ಎಂಬ ತಿದ್ದುಪಡಿ ತರಬಹುದು. ಅದು ಸೋಲಬಹುದು, ಆದರೆ ಮಂತ್ರಿ ಎದ್ದುನಿಂತು ಉತ್ತರಿಸಬೇಕಾಗುತ್ತದೆ, ಆ ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ. ತಿದ್ದುಪಡಿಯ ಆ ಒಂದು ವಾಕ್ಯವನ್ನು ನೀವೇ ಬರೆದು ಶಾಸಕರ ಕೈಗೆ ಕೊಡಿ. "ಏನಾದರೂ ಮಾಡಿ ಸಾರ್" ಎಂದು ಕೈಮುಗಿದು ಬಂದರೆ ಏನೂ ಆಗುವುದಿಲ್ಲ.

ವಿಧೇಯಕ ಮಂಡನೆಯಾಗಿ ಒಪ್ಪಿಗೆ ಪಡೆಯಲು ಕೆಲವೇ ದಿನ ಸಾಕು. ಅಧಿವೇಶನ ಕರೆದ ಸುದ್ದಿ ಬಂದ ಕೂಡಲೇ ಶಾಸಕರನ್ನು ಭೇಟಿಮಾಡಿ, ಅವರು ಸಿಗದಿದ್ದರೆ ಆಪ್ತ ಸಹಾಯಕರ ಕೈಗೆ ಕೊಡಿ. ಅಧಿಸೂಚನೆಯ ಮೂಲಕ ಬಂದ ಏರಿಕೆಗೆ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಅಥವಾ ಗಮನ ಸೆಳೆಯುವ ಸೂಚನೆ ಸರಿ. ಅಂಕಿ-ಅಂಶ ಮಾತ್ರ ಬೇಕಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಆರ್‌ಟಿಐಗಿಂತ ಬೇಗ ಮತ್ತು ಹೆಚ್ಚು ಪೂರ್ಣವಾಗಿ.

ಇದೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಬಜೆಟ್‌ಗೆ ಮುಂಚಿನ ಕಾಲ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ, 2025ರಲ್ಲಿ ಮಾರ್ಚ್ 7ರಂದು ಮಂಡನೆಯಾಯಿತು. ಅದಕ್ಕೂ ಮುಂಚೆ ಮುಖ್ಯಮಂತ್ರಿ ವಿವಿಧ ಸಂಘಗಳ ಜೊತೆ ಪೂರ್ವಭಾವಿ ಸಭೆ ನಡೆಸುತ್ತಾರೆ, ಎಫ್‌ಕೆಸಿಸಿಐ (ರಾಜ್ಯದ ವಾಣಿಜ್ಯೋದ್ಯಮ ಮಹಾಸಂಸ್ಥೆ) ಥರದ ಸಂಸ್ಥೆಗಳು ಬೇಡಿಕೆ ಪಟ್ಟಿ ಕೊಡುತ್ತವೆ. ನಿಮ್ಮ ಲೆಕ್ಕ ಡಿಸೆಂಬರ್‌ನೊಳಗೆ ನಿಮ್ಮ ಸಂಘದ ಪಟ್ಟಿಯಲ್ಲಿ ಸೇರಿರಲಿ. ಮಾರ್ಚ್‌ನಲ್ಲಿ ಮಾಡುವ ಗಲಾಟೆಗಿಂತ ಡಿಸೆಂಬರ್‌ನ ಎರಡು ಪುಟ ಮೇಲು.

8. ಬೀದಿ ಮತ್ತು ನ್ಯಾಯಾಲಯ

ಪ್ರತಿಭಟನೆ ನಿಮ್ಮ ಹಕ್ಕು. ಬೆಂಗಳೂರು ನಗರದಲ್ಲಿ 2021ರ ಪರವಾನಗಿ ಆದೇಶದಂತೆ ಧರಣಿಗೆ ಜಾಗ ಫ್ರೀಡಂ ಪಾರ್ಕ್, ಮೊದಲೇ ಪೊಲೀಸರ ಅನುಮತಿ ಪಡೆಯಬೇಕು. ಬೇರೆ ಊರುಗಳಲ್ಲಿ ಸ್ಥಳೀಯ ಠಾಣೆಗೆ ಲಿಖಿತವಾಗಿ ತಿಳಿಸಿ. ಹೆದ್ದಾರಿ ತಡೆಗೆ ಇಳಿಯಬೇಡಿ. ಕ್ರಿಮಿನಲ್ ಪ್ರಕರಣ ಬಿದ್ದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾದವರು ಚಾಲಕರೇ ಹೊರತು ವೇದಿಕೆಯ ಮೇಲಿದ್ದವರಲ್ಲ.

ತೆರಿಗೆ ಕಟ್ಟುವುದನ್ನು ನಿಲ್ಲಿಸಿ ಪ್ರತಿಭಟಿಸೋಣ ಎನ್ನುವ ಮಾತಿಗೂ ಕಿವಿಗೊಡಬೇಡಿ. ವಾಹನ ತೆರಿಗೆ ಬಾಕಿಯಾದರೆ ದಂಡ ಬೀಳುತ್ತದೆ, ಗಾಡಿ ಜಪ್ತಿಯಾಗಬಹುದು. ತಕರಾರು ಇದ್ದರೆ ಕಟ್ಟಿ, ಅದೇ ದಿನ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಆರ್‌ಟಿಒ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ, ಅಂದರೆ ಸರ್ಕಾರದ ಕ್ರಮವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ, ಹಾಕಬಹುದು. ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ಆದರೆ "ದರ ಹೆಚ್ಚಾಯಿತು" ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯ ತೆರಿಗೆ ರದ್ದು ಮಾಡುವುದು ತೀರಾ ಅಪರೂಪ. ಅಧಿಸೂಚನೆಗೆ ಕಾಯ್ದೆಯ ಬಲವಿಲ್ಲ, ಒಂದೇ ಬಗೆಯವರ ನಡುವೆ ಕಾರಣವಿಲ್ಲದೆ ಭೇದ ಮಾಡಿದೆ, ರಾಜ್ಯಕ್ಕೆ ಆ ವಿಷಯದಲ್ಲಿ ಅಧಿಕಾರವೇ ಇಲ್ಲ ಎಂಬಂಥ ಕಾರಣ ಬೇಕು.

"ರಸ್ತೆ ತುಂಬ ಗುಂಡಿ, ಆದ್ದರಿಂದ ರಸ್ತೆಯ ಹೆಸರಿನ ತೆರಿಗೆ ಅಸಿಂಧು" ಎಂಬ ವಾದ ಕೇಳಲು ನ್ಯಾಯವಾಗಿ ಕಾಣುತ್ತದೆ. 1962ರ ರಾಜಸ್ಥಾನ ಆಟೊಮೊಬೈಲ್ ಟ್ರಾನ್ಸ್‌ಪೋರ್ಟ್ ತೀರ್ಪಿನ ಕಾಲದಿಂದ ವಾಹನ ತೆರಿಗೆಯನ್ನು ರಸ್ತೆ ಸೌಲಭ್ಯಕ್ಕೆ ಪ್ರತಿಯಾದ ಪರಿಹಾರ ರೂಪದ ತೆರಿಗೆ ಎಂದು ನೋಡುವ ರೂಢಿ ಇತ್ತು. 2016ರ ನವೆಂಬರ್ 11ರಂದು ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆ ಸಿದ್ಧಾಂತವನ್ನೇ ಕೈಬಿಟ್ಟಿತು. ಗುಂಡಿಯ ಫೋಟೊಗಳನ್ನು ಮನವಿಗೆ, ಸದನಕ್ಕೆ, ಪತ್ರಿಕೆಗೆ ಬಳಸಿ. ರಿಟ್ ಅರ್ಜಿಯ ಮುಖ್ಯ ಕಾರಣವಾಗಿ ಬಳಸಿದರೆ ವಕೀಲರ ಶುಲ್ಕ ವ್ಯರ್ಥ.

9. ಉತ್ತರ ಬಂದ ಮೇಲೆ

ಮೂರು ಬಗೆಯ ಉತ್ತರ ಬರುತ್ತದೆ. "ಪರಿಶೀಲಿಸಲಾಗುವುದು" ಎಂದರೆ ಅರವತ್ತು ದಿನದ ನಂತರ ಅದೇ ಪತ್ರ ಸಂಖ್ಯೆ ಉಲ್ಲೇಖಿಸಿ ಜ್ಞಾಪನ ಪತ್ರ ಕಳಿಸಿ, ಜೊತೆಗೆ ನಿಮ್ಮ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತ ಟಿಪ್ಪಣಿ ಕೇಳಿ ಒಂದು ಆರ್‌ಟಿಐ ಹಾಕಿ. "ನೀತಿ ನಿರ್ಧಾರವಾಗಿರುವುದರಿಂದ ಅವಕಾಶವಿಲ್ಲ" ಎಂದರೆ ಆ ಪತ್ರದ ನಕಲನ್ನು ಶಾಸಕರಿಗೆ ಕೊಟ್ಟು ಪ್ರಶ್ನೆ ಕೇಳಿಸಿ, ನೀತಿ ನಿರ್ಧಾರವನ್ನು ಪ್ರಶ್ನಿಸಬೇಕಾದ ಜಾಗ ಅದೇ. ಅಂಕಿಗಳನ್ನು ಕೊಟ್ಟು ವಿವರವಾಗಿ ಉತ್ತರಿಸಿದ್ದರೆ ಪ್ರತಿ ಅಂಕಿಯನ್ನೂ ಬಜೆಟ್ ದಾಖಲೆಯೊಂದಿಗೆ ತಾಳೆ ನೋಡಿ. ಸಂಗ್ರಹದ ಅಂದಾಜು ಒಂದು ಕಡೆ, ವಾಸ್ತವ ಇನ್ನೊಂದು ಕಡೆ ಇದ್ದರೆ ಆ ಎರಡು ಹಾಳೆಗಳನ್ನು ಒಟ್ಟಿಗೆ ಪಿನ್ ಮಾಡಿ ಡಿಸೆಂಬರ್‌ನ ಪಟ್ಟಿಗಾಗಿ ಎತ್ತಿಡಿ.